ಸಸ್ಯಾಹಾರದಲ್ಲಿ ತೂಕ ಇಳಿಸುವವರಿಗೆ ಅನ್ನ, ಬೇಳೆ, ಕಾಯಿಯ ಲೆಕ್ಕ: ಪ್ರಶ್ನೋತ್ತರ

ಪ್ರಶ್ನೆ (ಸದಸ್ಯೆ, ಉಡುಪಿ): ನಮಸ್ಕಾರ ಮೇಡಂ. ನನಗೆ 42 ವರ್ಷ, ಎತ್ತರ 158 ಸೆಂ.ಮೀ., ತೂಕ 71 ಕಿಲೋ. ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ರಕ್ತ ಪರೀಕ್ಷೆಯಲ್ಲಿ ದೋಷವೇನೂ ಕಂಡಿಲ್ಲ. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಮೊಬೈಲಿನ ಒಂದು ಆ್ಯಪ್ ದಿನಕ್ಕೆ 1500 ಕ್ಯಾಲೊರಿ ಸಾಕು, ಅದರಲ್ಲಿ ಶೇ. 40 ಪ್ರೋಟೀನ್, ಶೇ. 30 ಕೊಬ್ಬು, ಶೇ. 30 ಕಾರ್ಬೋಹೈಡ್ರೇಟ್ ಇರಲಿ ಎಂದಿತು. ಅದನ್ನು ನಂಬಿ ಮೂರು ವಾರ ಅನ್ನ, ದೋಸೆ ಎರಡನ್ನೂ ಪೂರ್ತಿ ಬಿಟ್ಟೆ. ಮೊದಲ ವಾರದಲ್ಲೇ ಎರಡು ಕಿಲೋ ಇಳಿಯಿತು. ಆಮೇಲೆ ತಲೆನೋವು, ಮಲಬದ್ಧತೆ ಶುರುವಾದವು. ಮತ್ತೆ ಅನ್ನ ಉಣ್ಣತೊಡಗಿದ ನಾಲ್ಕೇ ದಿನದಲ್ಲಿ ಆ ಎರಡು ಕಿಲೋ ಮರಳಿ ಬಂತು. ಇಷ್ಟಾದರೂ ಪ್ರೋಟೀನ್ ಶೇ. 40ರ ಹತ್ತಿರಕ್ಕೂ ಹೋಗಲಿಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ (ಆಹಾರ ತಜ್ಞೆ): ತಪ್ಪು ನಿಮ್ಮದಲ್ಲ, ಆ ಸೂತ್ರದ್ದು. ಒಂದು ಗ್ರಾಂ ಪ್ರೋಟೀನಿನಿಂದಲೂ ಒಂದು ಗ್ರಾಂ ಕಾರ್ಬೋಹೈಡ್ರೇಟಿನಿಂದಲೂ ತಲಾ 4 ಕ್ಯಾಲೊರಿ, ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುತ್ತದೆ. ಹಾಗಾಗಿ 1500 ಕ್ಯಾಲೊರಿಯ ಶೇ. 40 ಎಂದರೆ 150 ಗ್ರಾಂ ಪ್ರೋಟೀನ್. ಒಣ ಬೇಳೆಕಾಳುಗಳಲ್ಲಿ ನೂರು ಗ್ರಾಂಗೆ 22ರಿಂದ 24 ಗ್ರಾಂ ಪ್ರೋಟೀನ್ ಇರುವುದರಿಂದ, ಇಷ್ಟನ್ನೂ ಬೇಳೆಯಿಂದಲೇ ಪಡೆಯಹೊರಟರೆ ದಿನಕ್ಕೆ 600 ಗ್ರಾಂಗೂ ಮಿಕ್ಕಿ ಬೇಳೆ ಬೇಯಿಸಬೇಕಾಗುತ್ತದೆ. ಅದರ ಕ್ಯಾಲೊರಿಯೇ ಎರಡು ಸಾವಿರವನ್ನು ದಾಟುತ್ತದೆ. ಕೋಳಿ, ಮೀನು, ಮೊಟ್ಟೆಯ ಬಿಳಿ ಭಾಗ ತಿನ್ನುವವರಿಗೆ ಪ್ರೋಟೀನ್ ಹೆಚ್ಚುಕಡಿಮೆ ಪಿಷ್ಟವಿಲ್ಲದೆ ಸಿಗುತ್ತದೆ. ನಮ್ಮ ಬೇಳೆಯಾದರೋ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಆದ್ದರಿಂದ ಸಸ್ಯಾಹಾರಿಗಳು ಶೇಕಡಾವಾರನ್ನು ಬದಿಗಿಟ್ಟು, ಮೊದಲು ಪ್ರೋಟೀನನ್ನು ಗ್ರಾಂನಲ್ಲಿ ನಿಗದಿಪಡಿಸಿಕೊಂಡು, ಬೇಳೆಯನ್ನು ಹೆಚ್ಚಿಸಿದಷ್ಟೂ ಅಕ್ಕಿಯನ್ನು ಇಳಿಸುತ್ತ ಹೋಗುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಮೊದಲ ವಾರ ಇಳಿದ ಎರಡು ಕಿಲೋದಲ್ಲಿ ಹೆಚ್ಚಿನ ಪಾಲು ನೀರು. ದೇಹವು ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುವಾಗ ಗ್ರಾಂ ಒಂದಕ್ಕೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಅನ್ನ ಬಿಟ್ಟಾಗ ಎರಡೂ ಖಾಲಿಯಾಗಿದ್ದವು, ಅನ್ನ ಉಂಡಾಗ ಎರಡೂ ತುಂಬಿದವು.

ಇನ್ನು ನಿಮ್ಮ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಹೇಳಿದೆ. ತೂಕ ಇಳಿಸುವಾಗ ಸ್ನಾಯು ಕರಗಬಾರದೆಂದು ನಾನು ತುಸು ಹೆಚ್ಚಿಸಿ, ಮೊದಲ ಗುರಿಯಾದ 60 ಕಿಲೋಗೆ ಹೊಂದುವಂತೆ, 60ರಿಂದ 70 ಗ್ರಾಂ ಎಂದು ಹಿಡಿಯುತ್ತೇನೆ. ಕೊಬ್ಬು ಸುಮಾರು 45 ಗ್ರಾಂ ಇರಲಿ, 1500 ಕ್ಯಾಲೊರಿಯಲ್ಲಿ ಉಳಿದದ್ದು ಕಾರ್ಬೋಹೈಡ್ರೇಟ್. ಅದು 200 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಶೇಕಡಾವಾರಿಗೆ ಇಳಿಸಿದರೆ ಪ್ರೋಟೀನ್ ಹದಿನೇಳೋ ಹದಿನೆಂಟೋ ಆದೀತು. ಅದನ್ನು ಕಂಡು ಆ್ಯಪ್ ಕೆಂಪು ಗುರುತು ತೋರಿಸಿದರೆ ತೋರಿಸಲಿ.

ಅಡುಗೆಮನೆಯಲ್ಲಿ ಇದು ಹೀಗೆ ಕೂಡಿಬರುತ್ತದೆ. ಬೆಳಿಗ್ಗೆ 40 ಗ್ರಾಂ ಹೆಸರುಕಾಳಿಗೆ ಒಂದು ಹಿಡಿ, ಎಂದರೆ 30 ಗ್ರಾಂ ಅಕ್ಕಿ ಸೇರಿಸಿ ನೆನೆಸಿ ಅರೆದ ದೋಸೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಕಾಳಿನಲ್ಲಿಯೂ, ಕಾಳಿನಲ್ಲಿ ಕಡಿಮೆಯಿರುವ ಮಿಥಿಯೋನಿನ್ ಎಂಬ ಇನ್ನೊಂದು ಘಟಕ ಅಕ್ಕಿಯಲ್ಲಿಯೂ ಇರುವುದರಿಂದ ಈ ಜೋಡಿ ಒಳ್ಳೆಯದು. ಮಧ್ಯಾಹ್ನ 60 ಗ್ರಾಂ ಕುಚ್ಚಲಕ್ಕಿಯ ಅನ್ನ, 30 ಗ್ರಾಂ ಬೇಳೆಯ ತೊವ್ವೆ, ಬಸಳೆಯೋ ತೊಂಡೆಯೋ ಒಂದು ಪಲ್ಯ, ಒಂದು ಬಟ್ಟಲು ಮೊಸರು. ರಾತ್ರಿ 30 ಗ್ರಾಂ ಅಕ್ಕಿಯ ಗಂಜಿ, 40 ಗ್ರಾಂ ಒಣ ಅಲಸಂದೆ ಕಾಳಿನದೋ ಹುರುಳಿಯದೋ ಪಲ್ಯ, 60 ಗ್ರಾಂ ಪನೀರ್. ಇದರ ನಡುವೆ ಒಂದು ಲೋಟ ಕೆನೆ ತೆಗೆದ ಹಾಲು, ಒಂದು ಹಣ್ಣು, ಇನ್ನೊಂದು ಬಟ್ಟಲು ಮೊಸರು ಅಥವಾ ಅದರದೇ ಮಜ್ಜಿಗೆ. ಒಟ್ಟು 65 ಗ್ರಾಂ ಪ್ರೋಟೀನ್ ಆಗುತ್ತದೆ. ಇಲ್ಲಿ ಕೊಟ್ಟ ಅಕ್ಕಿ, ಕಾಳುಗಳ ತೂಕವೆಲ್ಲ ಬೇಯಿಸುವ ಮೊದಲಿನದು. ನಿಮ್ಮ ಮನೆಯ ಕುಡ್ತೆಯಲ್ಲಿ (ಅಳತೆಯ ಲೋಟದಲ್ಲಿ) ಅಕ್ಕಿ ತುಂಬಿಸಿ ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ದಿನವೂ ತಕ್ಕಡಿ ಹಿಡಿಯುವ ಅಗತ್ಯವಿರುವುದಿಲ್ಲ.

ನೀರ್ ದೋಸೆಯ ಬಗ್ಗೆ ಒಂದು ಮಾತು. ಕೈಗೆ ಹಗುರವಾಗಿರುವುದರಿಂದ ಅದು ಹೊಟ್ಟೆಗೂ ಹಗುರವೆಂದು ಹಲವರು ಭಾವಿಸಿದ್ದಾರೆ. ಅದರಲ್ಲಿರುವುದು ಬರೀ ಅಕ್ಕಿ, ನೀರು, ಉಪ್ಪು. ಎಷ್ಟು ಅಕ್ಕಿ ನೆನೆಹಾಕಿದಿರಿ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ (ಅದೇ ಸದಸ್ಯೆ): ವಿವರಕ್ಕೆ ಧನ್ಯವಾದಗಳು ಮೇಡಂ. ಕಾಯಿಯ ಬಗ್ಗೆ ತಾವು ಏನೂ ಹೇಳಲಿಲ್ಲ. ಕಾಯಿ ಅರೆಯದ ಕೊದ್ದೆಲನ್ನು (ನಮ್ಮ ಕಡೆಯ ಸಾಂಬಾರಿನಂಥ ಮೇಲೋಗರವನ್ನು) ನಮ್ಮ ಅತ್ತೆಯವರು ಕೊದ್ದೆಲೆಂದೇ ಒಪ್ಪುವುದಿಲ್ಲ.

ಉತ್ತರ: ಅತ್ತೆಯವರೊಡನೆ ಜಗಳ ಬೇಡ, ಅಳತೆಯ ಒಪ್ಪಂದ ಸಾಕು. ಒಂದು ಕಪ್ ಹಸಿ ಕಾಯಿತುರಿ ಸುಮಾರು 80 ಗ್ರಾಂ ತೂಗುತ್ತದೆ; ಅದರಲ್ಲಿ 27 ಗ್ರಾಂ ಕೊಬ್ಬು, 280 ಕ್ಯಾಲೊರಿ ಇರುತ್ತದೆ, ಪ್ರೋಟೀನ್ ಮೂರು ಗ್ರಾಂ ಕೂಡ ಬರುವುದಿಲ್ಲ. ಚಟ್ನಿ, ಕೊದ್ದೆಲು, ಪಲ್ಯ ಮೂರಕ್ಕೂ ಕಾಯಿ ಬಿದ್ದ ದಿನ ತಲಾ ಒಂದು ಕಪ್ ಆಗುವುದು ನಮ್ಮ ಕಡೆ ಅಪರೂಪವಲ್ಲ. ನಿಮ್ಮ ಪಾಲಿಗೆ ದಿನಕ್ಕೆ 20 ಗ್ರಾಂ, ಎಂದರೆ ಕಾಲು ಕಪ್ ತುರಿ, ಇದಲ್ಲದೆ ಒಗ್ಗರಣೆ ಸಹಿತ ಒಂದು ದೊಡ್ಡ ಚಮಚ ಎಣ್ಣೆ ಇರಲಿ. ಕೊದ್ದೆಲಿಗೆ ಕಾಯಿ ಹಾಕಿದ ದಿನ ಪಲ್ಯಕ್ಕೆ ಬರೀ ಒಗ್ಗರಣೆ; ಮರುದಿನ ಕಾಯಿ ಹಾಕದ ಬೋಳು ಹುಳಿ ಮಾಡಿ ಪಲ್ಯದ ಮೇಲೆ ತುರಿ ಉದುರಿಸಬಹುದು. ಕಾಯಿಯ ಕೊಬ್ಬಿನಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್ (ರಕ್ತದ ಕೊಲೆಸ್ಟ್ರಾಲ್ ಏರಿಸುವ ಬಗೆಯದು) ಆದ್ದರಿಂದ ಅಡುಗೆಗೆ ಕೊಬ್ಬರಿ ಎಣ್ಣೆಯನ್ನಷ್ಟೇ ಬಳಸುವ ಬದಲು ಕಡಲೆಕಾಯಿ ಎಣ್ಣೆಯನ್ನೂ ಬಳಸುವುದು ಲೇಸು.

ಪ್ರಶ್ನೆ (ಸದಸ್ಯರು, ಮಂಗಳೂರು): ನನಗೆ 58 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೇಲಿನ ಕ್ರಮವನ್ನೇ ಅನುಸರಿಸಿ, ಜೊತೆಗೆ ಪ್ರೋಟೀನ್ ಪುಡಿಯನ್ನೂ ಸೇವಿಸಬಹುದೇ? ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ತೊಂದರೆಯಿಲ್ಲವಲ್ಲ?

ಉತ್ತರ: ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದಷ್ಟು ಭಾಗ ಕಾಳಿನೊಳಕ್ಕೆ ಇಳಿಯುತ್ತದೆ. ಕುಚ್ಚಲಕ್ಕಿಯ ಹಿರಿಮೆ ಅದು. ಕ್ಯಾಲೊರಿಯ ಮಟ್ಟಿಗೆ ಅದು ಬೆಳ್ತಿಗೆ ಅಕ್ಕಿಗೆ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗೆ) ಸಮವೇ ಆದ್ದರಿಂದ ಅಳತೆ ಎರಡಕ್ಕೂ ಒಂದೇ.

ತಾವು ಮೇಲಿನ ಕ್ರಮವನ್ನು ಹಾಗೆಯೇ ಅನುಸರಿಸಬಾರದು. ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿರುವಾಗ ಅನ್ನವನ್ನು ಒಮ್ಮೆಲೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು; ಮಾತ್ರೆಯ ಪ್ರಮಾಣವನ್ನು ವೈದ್ಯರು ಮೊದಲು ನೋಡಬೇಕು. ಪ್ರೋಟೀನ್ ಪುಡಿಗೆ ಮುನ್ನ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಲಿ, ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರೋಟೀನಿನ ಲೆಕ್ಕವೇ ಬದಲಾಗುತ್ತದೆ. ರಕ್ತ ಕೊಡುವ ದಿನ ಬಿ12 ಕೂಡ ನೋಡಿಸಿ. ಸಸ್ಯಾಹಾರದಲ್ಲಿ ಅದು ಮೊದಲೇ ಕಡಿಮೆ, ಮೆಟ್‌ಫಾರ್ಮಿನ್ ಹಲವು ವರ್ಷಗಳಲ್ಲಿ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ವರದಿ ಬಂದ ಮೇಲೆ ಇಲ್ಲಿಯೇ ಬರೆಯಿರಿ. ಅಲ್ಲಿಯವರೆಗೆ ಸಂಜೆಯ ಚಹಾದ ಜೊತೆಗಿನ ಕರಿದ ಬನ್ಸ್, ಗೋಳಿಬಜೆಯನ್ನು ಮಾತ್ರ ಬಿಟ್ಟುಬಿಡಿ. ಅದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ.