ಎದೆಯಲ್ಲಿ ಗಂಟು, ಚಳಿಜ್ವರ: ಹಾಲು ಕುಡಿಸಬಹುದಾ?

ತೋಟದಮನೆ ಬಾಣಂತಿ:
ಮಗುವಿಗೆ ಐದು ವಾರ. ಸಿದ್ದಾಪುರದ ಹತ್ತಿರ ತೋಟದೊಳಗೆ ನಮ್ಮ ಮನೆ. ನಿನ್ನೆ ಎಡ ಎದೆಯ ಹೊರಬದಿಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಕ್ಕಿತು. ರಾತ್ರಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಮಳೆಯ ಚಳಿ ಅಂದುಕೊಂಡೆ, ಥರ್ಮಾಮೀಟರ್ ಇಟ್ಟರೆ 102. ಈಗ ಅಂಗೈಯಗಲ ಕೆಂಪಾಗಿದೆ, ಬಟ್ಟೆ ತಾಗಿದರೂ ಉರಿ. ನೀರು ಹಾಕುವ ಅಜ್ಜಿ, ಎಣ್ಣೆ ಹಚ್ಚಿ ಒತ್ತಿ ತೆಗೆಯಬೇಕು ಅಂತಾರೆ. ಅತ್ತೆ, ಆ ಹಾಲು ಕೆಟ್ಟಿದೆ, ಕೊಡಬೇಡ ಅಂತಾರೆ. ಮೂರು ದಿನದಿಂದ ಕರೆಂಟ್ ಇಲ್ಲ, ರಸ್ತೆಗೆ ಮರ ಬಿದ್ದಿದೆ. ಎರಡು ದಿನ ಕಾಯಬಹುದಾ?

ಗೋಣಿಕೊಪ್ಪದಕ್ಕ:
ಕಾಯಬೇಡ ತಂಗಿ. ನಾನು ಕಾದು ಕೆಟ್ಟವಳು.

ನನ್ನ ಎರಡನೇ ಬಾಣಂತನ ಬಿದ್ದದ್ದು ಕಾಫಿ ಕುಯ್ಲಿನ ಸಮಯಕ್ಕೆ. ಯಾರಿಗೂ ಪುರುಸೊತ್ತಿಲ್ಲ. ನಮ್ಮ ಅಜ್ಜಿ ಚಪಾತಿ ಹಿಟ್ಟು ನಾದಿದ ಹಾಗೆ ಒತ್ತಿದರು, ಮೇಲೆ ಹಂಡೆನೀರಿನ ಶಾಖ ಬೇರೆ. ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ. ಮರುದಿನ ಬಾವು ಇನ್ನೂ ಜಾಸ್ತಿ. ಮೊದಲು ತೋರಿಸಿದ ಕಡೆ, ಹಾಲು ಕಟ್ಟಿದೆ ಅಷ್ಟೇ ಅಂತ ಕಳಿಸಿಬಿಟ್ಟರು. ಐದನೇ ದಿನ ಗಂಟು ಮೆತ್ತಗಾಯ್ತು. ಕರಗ್ತಾ ಇದೆ ಅಂತ ಖುಷಿಪಟ್ಟೆ. ಕರಗಿದ್ದಲ್ಲ, ಕೀವು ತುಂಬಿದ್ದು! ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ ಎಳೆದರು, ಎರಡು ಸಲ.

ಒತ್ತಿಸಿಕೊಳ್ಳಬೇಡ. ಒದ್ದೆಬಟ್ಟೆಯ ತಂಪು ಕೊಡು. ಕರೆಂಟ್ ಇಲ್ಲದಿದ್ದರೇನು, ಈ ಮಳೆಯಲ್ಲಿ ನಮ್ಮ ಬಾವಿನೀರು ಐಸೇ ಅಲ್ವಾ?

ನಿವೃತ್ತ ಸಿಸ್ಟರ್, ಮಡಿಕೇರಿ:
ನಾವೂ ವರ್ಷಗಟ್ಟಲೆ ಶಾಖ, ಮಸಾಜ್ ಅಂತಲೇ ಹೇಳಿಕೊಟ್ಟವರು. ಎದೆಹಾಲುಣಿಸುವ ವಿಷಯದ ವೈದ್ಯರ ಸಂಸ್ಥೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್‌ನವರು 2022ರಲ್ಲಿ ಆ ಸಲಹೆಯನ್ನೇ ತಿರುಗಿಸಿದರು. ಒಳಗೆ ಬಾವು ಬಂದು ಹಾಲಿನ ದಾರಿ ಕಿರಿದಾಗಿರುತ್ತೆ, ಒತ್ತಿದರೆ ಅಂಗಾಂಶಕ್ಕೆ ಪೆಟ್ಟು. ಖಾಲಿ ಮಾಡಬೇಕು ಅಂತ ಪಂಪ್ ಹಾಕ್ತಾ ಇದ್ದರೆ ಹಾಲು ಇನ್ನಷ್ಟು ಊರುತ್ತೆ. ಮಗು ಕೇಳಿದಾಗ ಕುಡಿಸಿ, ಅಷ್ಟು ಸಾಕು.

ಹಾಲು ಕೆಟ್ಟಿಲ್ಲ ಅಂತ ಅತ್ತೆಗೆ ಹೇಳಿ. ಆ ಎದೆಯದ್ದನ್ನೂ ಕುಡಿಸಬಹುದು. ಈ ಎದೆಬಾವಿನ ಸೋಂಕಿಗೆ ಸಾಮಾನ್ಯವಾಗಿ ಕಾರಣವಾಗುವ ಸ್ಟೆಫಿಲೊಕಾಕಸ್ ನಮ್ಮ ಚರ್ಮದ ಮೇಲೇ ಇರುವ ಕ್ರಿಮಿ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಆ್ಯಂಟಿಬಯೋಟಿಕ್ ಇದೆ. ಬರೀ ಗಂಟು, ನೋವು ಆಗಿದ್ದರೆ ಒಂದು ದಿನ ನೋಡೋಣ ಅನ್ನುತ್ತಿದ್ದೆ. ಚಳಿಜ್ವರ ಬಂದು ಕೆಂಪು ಹರಡುತ್ತಿದೆ, ಇವತ್ತೇ ಹೊರಡಿ. ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ, ಗಾಡಿ ಇಲ್ಲದಿದ್ದರೆ 108.

ತೋಟದಮನೆ ಬಾಣಂತಿ:
ಪಕ್ಕದ ತೋಟದವರು ಮರ ಕುಯ್ದು ದಾರಿ ಮಾಡಿ ಜೀಪಲ್ಲಿ ಕರೆದುಕೊಂಡು ಹೋದರು. ಸ್ಕ್ಯಾನ್‌ನಲ್ಲಿ ಕೀವಿಲ್ಲ. ಹತ್ತು ದಿನಕ್ಕೆ ಮಾತ್ರೆ, ಜ್ವರ ಇಳಿದರೂ ನಡುವೆ ಬಿಡಬಾರದಂತೆ. ಮೂರನೇ ದಿನ ಇವತ್ತು, ಜ್ವರ ಇಲ್ಲ, ಗಂಟು ಬಟಾಣಿಯಷ್ಟಿದೆ. ಅತ್ತೆಯೇ ಬಟ್ಟೆ ಅದ್ದಿ ತಂದುಕೊಡ್ತಾರೆ. ಅಜ್ಜಿ ಮಾತ್ರ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.