ಕೊಡಚಾದ್ರಿಗೆ ಮಳೆಯಲ್ಲಿ ಒಬ್ಬನೇ ಓಡುವಾಗ ಎಲ್ಲಿಂದ ಹಿಂತಿರುಗಬೇಕು?

ಪ್ರಶ್ನೆ (ಶಿವಮೊಗ್ಗದಿಂದ)

ಸ್ವಾತಿ ಮಳೆ ಹಿಡಿದಿದ್ದ ಕಳೆದ ಭಾನುವಾರ ನಾನೊಬ್ಬನೇ ಜೀಪಿನ ದಾರಿಯಲ್ಲಿ ಓಡುತ್ತ ಕೊಡಚಾದ್ರಿ ಹತ್ತಿದೆ. ಮೂಲ ಮೂಕಾಂಬಿಕೆಯ ಗುಡಿಯವರೆಗೆ ಬರೀ ಸೋನೆ ಇತ್ತು. ಮೈ ಬೆಚ್ಚಗಿತ್ತು, ಉಸಿರೂ ಹದದಲ್ಲಿತ್ತು. ಗುಡಿ ದಾಟಿ ಸರ್ವಜ್ಞ ಪೀಠದ ಕಡೆಯ ಬಯಲು ಹುಲ್ಲುಗುಡ್ಡಕ್ಕೆ ಬಂದೊಡನೆ ಗಾಳಿ ಬೀಸತೊಡಗಿ, ಮಂಜು ಕವಿದು, ಹತ್ತು ಹೆಜ್ಜೆ ಮುಂದಿನ ದಾರಿಯೂ ಕಾಣದಾಯಿತು. ದಾರಿ ಗುರುತಿಸಲೆಂದು ನಿಂತ ಐದೇ ನಿಮಿಷದಲ್ಲಿ ಬೆರಳುಗಳು ಮರಗಟ್ಟಿ, ಜಾಕೆಟ್ಟಿನ ಜಿಪ್ ಎಳೆಯಲೂ ಆಗಲಿಲ್ಲ. ಪೀಠವನ್ನು ಕಾಣದೆಯೇ ಇಳಿದುಬಂದೆ. ನಮ್ಮ ಮಲೆನಾಡಿನಲ್ಲಿ, ಅದೂ ಹಿಮವಿಲ್ಲದ ಗುಡ್ಡದಲ್ಲಿ, ಇಷ್ಟು ಬೇಗ ಚಳಿ ಹಿಡಿದದ್ದು ಹೇಗೆ? ನಾನು ಇನ್ನೂ ಮೊದಲೇ ತಿರುಗಬೇಕಿತ್ತೇ?

ಉತ್ತರ 1 (ತೀರ್ಥಹಳ್ಳಿಯಿಂದ)

ತಿರುಗಿ ಬಂದದ್ದು ಸರಿ, ಆದರೆ ತಡವಾಗಿ ಬಂದಿದ್ದೀರಿ ಎಂದೇ ನನ್ನ ಅಭಿಪ್ರಾಯ. ಕೊಡಚಾದ್ರಿಯ ಎತ್ತರ 1343 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವೊಂದರಿಂದಲೇ ನಿಮ್ಮ ಚಳಿಯನ್ನು ವಿವರಿಸಲಾಗದು. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಆದ್ದರಿಂದ ಬಟ್ಟೆ ತೊಯ್ದಿದ್ದರೂ ಓಟ ನಡೆದಿರುವಷ್ಟು ಹೊತ್ತು ಚಳಿ ತಿಳಿಯುವುದಿಲ್ಲ. ನಿಂತ ಕ್ಷಣ ಆ ಒಲೆ ಆರುತ್ತದೆ, ಆದರೆ ಒದ್ದೆ ಅಂಗಿಯೂ ಗಾಳಿಯೂ ಶಾಖವನ್ನು ಮೊದಲಿನಂತೆಯೇ ಕದಿಯುತ್ತಿರುತ್ತವೆ. ಕಾಲು ಉಳುಕಿ ಅಲ್ಲೇ ಕೂರಬೇಕಾಗಿ ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಬೆರಳು ಮಾತು ಕೇಳದಿರುವುದು ಮೊದಲ ಎಚ್ಚರಿಕೆ. ನಡಿಗೆ ತಡವರಿಸುವುದು, ಮಾತು ತೊದಲುವುದು ಅದರ ನಂತರ ಬರುತ್ತವೆ. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಅದು ಪ್ರಾಣಕ್ಕೇ ಅಪಾಯ.

ಒಂದು ಉಣ್ಣೆಯ ಬನಿಯನ್ನನ್ನೂ ಟೋಪಿಯನ್ನೂ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಳ್ಳಿ, ಗುಡಿಯ ಬಳಿ ಸೂರಿನಡಿಯಲ್ಲಿಯೇ ಜಾಕೆಟ್ ತೊಟ್ಟು ಮುಂದೆ ಹೋಗಿ. ನಮ್ಮ ಹಿರಿಯರು ಗದ್ದೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದುದು ಸುಮ್ಮನೆ ಅಲ್ಲ: ಉಣ್ಣೆ ತೊಯ್ದರೂ ಒಂದಿಷ್ಟು ಬಿಸಿಯನ್ನು ಹಿಡಿದಿಡುತ್ತದೆ, ಹತ್ತಿ ಬಟ್ಟೆಗೆ ಆ ಗುಣವಿಲ್ಲ.

ಉತ್ತರ 2 (ಹೊಸನಗರದಿಂದ)

ಸ್ವಾತಿಯ ಹೊತ್ತಿಗೆ ಚಳಿಗಿಂತ ನನಗೆ ಹೆಚ್ಚು ಭಯ ಸಿಡಿಲಿನದು. ಆಷಾಢದ ಜಡಿಮಳೆಯಲ್ಲಿ ಗುಡುಗು ಕಡಿಮೆ. ಮುಂಗಾರಿಗೆ ಮೊದಲು ಮತ್ತು ಹಿಂಗಾರಿನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಿಡಿಲು ಬಡಿಯುತ್ತದೆ, ಆಗ ಆ ಬೋಳು ನೆತ್ತಿಯ ಮೇಲೆ ನಿಮಗಿಂತ ಎತ್ತರದ್ದೇನೂ ಇರುವುದಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗೇ ಇದೆ ಎಂದರ್ಥ; ಒಡನೆ ಇಳಿಯಿರಿ. ಬೆಳಗ್ಗೆಯೇ ಹತ್ತಿ ಮುಗಿಸುವುದು ಇನ್ನೂ ಒಳ್ಳೆಯದು. ಇಳಿಯುವಾಗ ಹಿಡ್ಲುಮನೆ ಜಲಪಾತದ ಕಾಲುದಾರಿ ಹತ್ತಿರವೆಂದು ಆಸೆಪಡಬೇಡಿ, ಪಾಚಿಗಟ್ಟಿದ ಬಂಡೆಯ ಮೇಲೆ ಓಟದ ಬೂಟು ನಿಲ್ಲುವುದಿಲ್ಲ. ಇಂಬಳಗಳನ್ನು ಕೀಳಲೆಂದು ಗಾಳಿಯಲ್ಲಿ ನಿಲ್ಲಲೂ ಬೇಡಿ. ಕಚ್ಚಿದಲ್ಲಿ ರಕ್ತ ಬಹಳ ಹೊತ್ತು ಒಸರಿದರೂ ಅದರಿಂದ ಜೀವಕ್ಕೇನೂ ಆಗದು. ಅರಣ್ಯ ಇಲಾಖೆ ದಾರಿ ಮುಚ್ಚಿದ ದಿನಗಳಲ್ಲಂತೂ ದಯವಿಟ್ಟು ಹೋಗಲೇಬೇಡಿ. ಬಿದ್ದವರನ್ನು ಹುಡುಕಲು ಅದೇ ಮಳೆಯಲ್ಲಿ ಹೊರಡಬೇಕಾದವರು ಸುತ್ತಲಿನ ಊರಿನವರು.

ಉತ್ತರ 3 (ಆಗುಂಬೆಯಿಂದ)

ಮಳೆಯ ಓಟ ಅಭ್ಯಾಸವಾಗುವವರೆಗೆ ಕುಂದಾದ್ರಿಯನ್ನು ಆರಿಸಿಕೊಳ್ಳಿ. ನೆತ್ತಿಯ ಬಸದಿಯ ಸಮೀಪದವರೆಗೂ ರಸ್ತೆಯಿರುವುದರಿಂದ ಮಂಜಿನಲ್ಲಿಯೂ ದಾರಿ ತಪ್ಪುವ ಭಯವಿಲ್ಲ, ಏರಂತೂ ಕಾಲಿಗೆ ಸಾಕುಸಾಕೆನಿಸುವಷ್ಟಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಜಿಪ್ ಎಳೆಯಲಾಗದ ಬೆರಳನ್ನು ನಾನು ಬರಿಯ ತೊಂದರೆಯೆಂದುಕೊಂಡಿದ್ದೆ, ಎಚ್ಚರಿಕೆಯೆಂದು ತಿಳಿದಿರಲಿಲ್ಲ. ಮುಂದಿನ ಸಲ ಗುಡಿಯಿಂದ ಪೀಠದ ದಿಣ್ಣೆ ಕಾಣದಿದ್ದರೆ ಅಲ್ಲಿಂದಲೇ ತಿರುಗುತ್ತೇನೆ. ಹನ್ನೊಂದು ಗಂಟೆಯೊಳಗೆ ಕೆಳಗಿಳಿದು ಫೋನ್ ಮಾಡುವುದಾಗಿ ಮನೆಯಲ್ಲಿ ಹೇಳಿಯೇ ಹೊರಡುತ್ತೇನೆ.