ಪದ ಬೇಕು (ತುರ್ತು): ಎಂಬಾಡೀಡ್ ಕಾರ್ಬನ್

ಎಲ್ಲರಿಗೂ ನಮಸ್ಕಾರ. ಕಟ್ಟಡ ಸಾಮಗ್ರಿ ಪ್ರದರ್ಶನಕ್ಕೆ ಕನ್ನಡ ಬೋರ್ಡು ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತೆ. ಸಿಮೆಂಟು, ಕಬ್ಬಿಣ, ಇಟ್ಟಿಗೆ ಮಾಡಿ, ಸಾಗಿಸಿ, ಕಟ್ಟುವಷ್ಟರಲ್ಲಿ ಗಾಳಿಗೆ ಸೇರುವ ಕಾರ್ಬನ್‌ಗೆ ಏನನ್ನೋಣ? ಆಮೇಲೆ ಫ್ಯಾನು, ಎಸಿಯಿಂದ ಆಗೋದು ಬೇರೆ ಲೆಕ್ಕ. ‘ಅಂತರ್ಗತ ಇಂಗಾಲ’ ಅಂತ ಹಾಕಿದ್ದೆ. ಓದಿದ ಮೇಸ್ತ್ರಿ “ಗೋಡೆ ಒಳಗೆ ಇದ್ದಲು ಇದೆಯಾ ಸಾರ್?” ಅಂದರು.

---

> ಅಂತರ್ಗತ ಇಂಗಾಲ

ಈ ಸಂಸ್ಕೃತದ ಮೂಟೆ ಎಷ್ಟು ದಿನ ಹೊರೋದು? ‘ಒಡಲಿಂಗಾಲ’ ಅನ್ನಿ. ಅಚ್ಚಗನ್ನಡ. ಮುಗೀತು.

---

> ಅಚ್ಚಗನ್ನಡ

ಎಲ್ಲಿಂದ? ಇಂಗಾಲ ಬಂದಿದ್ದೇ ಅಂಗಾರದಿಂದ, ಪ್ರಾಕೃತದ ದಾರಿಯಲ್ಲಿ. ಅದಿರಲಿ, ಒಡಲಲ್ಲಿ ಏನಿದೆ ಸ್ವಾಮಿ? ಮೇಸ್ತ್ರಿ ಕೇಳಿದ್ದೇ ಸರಿ. ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿವರೆಗೆ ಕಾಯಿಸುತ್ತಾರೆ. ಅಲ್ಲಿ ಹೊರಬೀಳುವ ಕಾರ್ಬನ್ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕಲ್ಲಿನದ್ದೇ, ಉಳಿದದ್ದು ಉರುವಲಿನದ್ದು. ಕಲ್ಲಿದ್ದಲು ಬಿಟ್ಟು ಬೇರೇನು ಉರಿಸಿದರೂ ಕಲ್ಲಿನ ಪಾಲು ತಪ್ಪಲ್ಲ. ಸಿಮೆಂಟ್ ಚೀಲ ಗಾಡಿ ಹತ್ತೋ ಹೊತ್ತಿಗೆ ಅದು ಗಾಳಿಪಾಲು. ‘ಹೊಗೆ’ ಅನ್ನೋಕೂ ಆಗಲ್ಲ, ಅದು ಕಣ್ಣಿಗೆ ಕಾಣಲ್ಲ. ‘ಕಟ್ಟುವಾಗಿನ ಕಾರ್ಬನ್’ ಸಾಕು.

---

ಕಾರ್ಬನ್ ಅಂದರೆ ಜನ ಟೈಪಿಂಗ್ ಪೇಪರ್ ಅಂದ್ಕೋತಾರೆ. ಎಲ್ಲದಕ್ಕೂ ಎರವಲು ತರೋದಾದರೆ ಈ ಬಳಗ ಯಾಕೆ?

---

ಕಾರ್ಬನ್ ಪೇಪರ್ ನೋಡಿದವರು ಈಗ ನಾವು ನಾಲ್ಕು ಜನ, ಬಿಡಿ.

ನನ್ನ ತಕರಾರು ಪದದ್ದಲ್ಲ, ಧಾಟಿಯದ್ದು. ಸೋರುವ ಗುಡಿಸಲಿಂದ ಮೊನ್ನೆ ಮೊನ್ನೆ ಆರ್‌ಸಿಸಿ ಮನೆಗೆ ಬಂದವರು ಆ ಬೋರ್ಡು ಓದಿ ತಪ್ಪು ಮಾಡಿದವರ ಹಾಗೆ ನಿಲ್ಲಬಾರದು. ಮನೆ, ಶಾಲೆ, ಆಸ್ಪತ್ರೆ ಇನ್ನೂ ಕಟ್ಟಬೇಕು ಅಲ್ವಾ? ಪಕ್ಕದಲ್ಲೇ ದಾರಿಯನ್ನೂ ಬರೆಯಿರಿ: ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸಿಮೆಂಟು, ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಬೆಳೆಸಿದ ಮಣ್ಣಿನ ಬ್ಲಾಕು. ಅದನ್ನು ಒತ್ತಿ ಮಾಡ್ತಾರೆ, ಸುಡೋದಿಲ್ಲ. ಶೀರ್ಷಿಕೆಗೆ ‘ಗೃಹಪ್ರವೇಶಕ್ಕೂ ಮುಂಚಿನ ಕಾರ್ಬನ್’ ಹೇಗೆ?

---

ಚೆನ್ನಾಗಿದೆ, ಆದರೆ ಅರ್ಧ. ರಿಪೇರಿ, ಕೊನೆಗೆ ಕೆಡವೋದು, ಅವೂ ಈ ಲೆಕ್ಕಕ್ಕೇ ಸೇರುತ್ತವೆ.

---

ಧನ್ಯವಾದ. ದೊಡ್ಡಕ್ಷರದಲ್ಲಿ ‘ಗೃಹಪ್ರವೇಶಕ್ಕೂ ಮುಂಚಿನ ಕಾರ್ಬನ್’, ಕೆಳಗೆ ಚಿಕ್ಕದಾಗಿ ‘ರಿಪೇರಿ, ಕೆಡವುವ ಲೆಕ್ಕವೂ ಇದಕ್ಕೇ ಸೇರುತ್ತೆ’. ಪ್ರಿಂಟಿಗೆ ಕಳಿಸಿದೆ.

---

‘ಗೃಹಪ್ರವೇಶ’ವೂ ಸಂಸ್ಕೃತ. ‘ಮನೆ ಒಕ್ಕಲು’ ಅನ್ನಬಹುದಿತ್ತು. ಬಳಗ ಬಿಡ್ತಿದ್ದೇನೆ.

---

ಹೋದ ಸಲವೂ ಹೀಗೇ ಅಂದಿದ್ರಿ.